ಅಲುಗದ ಗೆರೆ

ಅಲೆ ತೋರಿಸುವ ಸ್ಕೋಪಿನ ಪರದೆಯ ಮೇಲೆ ಚೌಕದ ನೆತ್ತಿ ಓರೆಯಾಗಿ ಇಳಿಯುತ್ತಿತ್ತು. ತಪ್ಪು ತನ್ನದೇ ಇರಬೇಕು ಎಂದುಕೊಂಡು ಅವನು ಮೊದಲು ಬ್ರೆಡ್‌ಬೋರ್ಡಿಗೆ ಚುಚ್ಚಿದ್ದ ತಂತಿಗಳನ್ನು ಒಂದೊಂದಾಗಿ ಒತ್ತಿ ನೋಡಿದ, ಆಮೇಲೆ ಸ್ಕೋಪಿನ ಪ್ರೋಬನ್ನು ಕಿತ್ತು ಮತ್ತೆ ಸಿಕ್ಕಿಸಿದ, ಆಮೇಲೆ ಅಕ್ಕಪಕ್ಕದವರು ನೋಡುತ್ತಿದ್ದಾರೆಯೇ ಎಂದು ಕಣ್ಣು ಹಾಯಿಸಿದ. ಯಾರೂ ನೋಡುತ್ತಿರಲಿಲ್ಲ. ಬೆಳಗಿನ ಆರೂವರೆಯ ಈ ತರಗತಿಯಲ್ಲಿ ಉಳಿದವರಿಗೆಲ್ಲ ಇಪ್ಪತ್ತು, ಇಪ್ಪತ್ತೊಂದು, ಅವನಿಗೆ ನಲವತ್ತಾರು. ಮೊದಲ ದಿನ ಅವನು ಬಾಗಿಲಲ್ಲಿ ಕಾಣಿಸಿಕೊಂಡಾಗ ಮೇಷ್ಟ್ರು ಬಂದರೆಂದು ಇಡೀ ತರಗತಿ ಎದ್ದು ನಿಂತಿತ್ತು. ಅವನು ತಲೆ ತಗ್ಗಿಸಿಕೊಂಡು ಕೊನೆಯ ಬೆಂಚಿಗೆ ಹೋಗಿ ಕೂತ ಮೇಲೆ ಎದ್ದ ನಗೆ ಇನ್ನೂ ಅವನ ಕಿವಿಯಲ್ಲಿತ್ತು. ಬರಬಾರದಾಗಿತ್ತು. ಆದರೆ ಆಸ್ಪತ್ರೆಯಿಂದ ಕಾಗದ ಬಂದಿತ್ತು: ಇನ್ನು ಮುಂದೆ ಸರ್ಟಿಫಿಕೇಟ್ ಇಲ್ಲದವರು ಯಂತ್ರಗಳನ್ನು ಮುಟ್ಟುವಂತಿಲ್ಲ. ಇಪ್ಪತ್ತೆರಡು ವರ್ಷ ಯಂತ್ರಗಳ ಹೊಟ್ಟೆ ಬಗೆದವನು ಈಗ ಫಿಲ್ಟರ್ ಎಂದರೇನು ಎಂಬಲ್ಲಿಂದ ಶುರು ಮಾಡಬೇಕಾಯಿತು. ಅಲ್ಲಿಯವರೆಗೆ ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಒಂದನ್ನು ಕೀಳು, ಇನ್ನೊಂದನ್ನು ಹಾಕು, ಸರಿಹೋದರೆ ಮುಚ್ಚಳ ಮುಚ್ಚು. ಇದರಲ್ಲೇ ಮನೆ ಕಟ್ಟಿದ್ದ, ತಂಗಿಯ ಮದುವೆ ಮಾಡಿದ್ದ. ಈ ವಿದ್ಯೆಯಲ್ಲಿ ಏನೋ ಕೊರತೆಯಿದೆ ಎಂದು ಯಾರೂ ಹೇಳಿರಲಿಲ್ಲ.

"ನಿಮ್ಮದು ಸರಿಯಾಗಿದೆ, ಯಾಕೆ ಕಿತ್ತು ಕಿತ್ತು ಹಾಕ್ತಿದೀರಿ?" ಮೇಷ್ಟ್ರು ಹಿಂದೆ ಬಂದು ನಿಂತಿದ್ದರು. ಅವರಿಗೆ ಮೂವತ್ತು ಇರಬಹುದು. ಇವನನ್ನು ಹೆಸರು ಹಿಡಿದು ಕರೆಯಲೂ ಆಗದೆ, ಸಾರ್ ಎನ್ನಲೂ ಆಗದೆ ಪ್ರತಿಸಲ ಮಾತಿನ ಮೊದಲು ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. "ಇದು ಹೈ ಪಾಸ್ ಫಿಲ್ಟರ್. ಬೇಗ ಬದಲಾಗೋದನ್ನ ಬಿಡುತ್ತೆ, ನಿಧಾನವಾಗಿ ಬದಲಾಗೋದನ್ನ ತಡೆಯುತ್ತೆ. ಚೌಕದ ನೆತ್ತಿ ಅಂದ್ರೆ ಏನು? ಬದಲಾಗದೆ ಸುಮ್ಮನೆ ನಿಂತಿರೋದು. ಇದಕ್ಕೆ ಅದನ್ನ ಎತ್ತಿ ಹಿಡ್ಕೊಂಡಿರೋಕೆ ಆಗಲ್ಲ, ಕೈ ಸೋತು ಇಳಿಸಿಬಿಡುತ್ತೆ. ಕೆಪಾಸಿಟರ್ ಸಣ್ಣದಾದಷ್ಟೂ ಬೇಗ ಇಳಿಸುತ್ತೆ. ಹೀಗೇ ಬರಬೇಕು." ಎಷ್ಟೋ ದಿನಗಳ ಮೇಲೆ ಈ ಕೋಣೆಯಲ್ಲಿ ಅವನದು ಸರಿ ಎನ್ನಿಸಿಕೊಂಡಿತ್ತು. ಖುಷಿಯಾಗಬೇಕಿತ್ತು. ಆದರೆ ಈ ಇಳಿಜಾರನ್ನು ಅವನು ಮೊದಲೇ ಎಲ್ಲಿಯೋ ನೋಡಿದ್ದ. ಸ್ಕೋಪಿನ ಹಸಿರು ಬೆಳಕಿನಲ್ಲಲ್ಲ. ಕಾಗದದ ಮೇಲೆ, ಗುಲಾಬಿ ಬಣ್ಣದ ಸಣ್ಣ ಚೌಕುಳಿಗಳ ಕಾಗದದ ಮೇಲೆ, ಕರಿ ಗೆರೆಯಲ್ಲಿ. ಭಾವ, ಅಕ್ಕನ ಗಂಡ, ಆಸ್ಪತ್ರೆಯ ಮಂಚದ ಮೇಲೆ ಅಂಗಿ ಬಿಚ್ಚಿ ಮಲಗಿ, ಎದೆಗೆ ಅಂಟಿಸಿದ ರಬ್ಬರಿನ ಬಟ್ಟಲುಗಳನ್ನು ಬಗ್ಗಿ ನೋಡುತ್ತ, "ನನ್ನ ಭಾಮೈದ ರಿಪೇರಿ ಮಾಡಿದ ಮಿಷನ್ನು, ಶಾಕ್ ಹೊಡೆಯಲ್ಲ ತಾನೇ?" ಎಂದಿದ್ದರು.

ಅವನು ನೋಟ್‌ಪುಸ್ತಕದ ಕೊನೆಯ ಹಾಳೆ ತೆರೆದು ಲೆಕ್ಕ ಹಾಕತೊಡಗಿದ. ಬೋರ್ಡಿನ ಮೇಲೆ ಸೂತ್ರವಿತ್ತು: ರೆಸಿಸ್ಟರನ್ನೂ ಕೆಪಾಸಿಟರನ್ನೂ ಗುಣಿಸು, ಅದನ್ನು ಎರಡು ಪೈಯಿಂದ ಗುಣಿಸು, ಬಂದದ್ದರಿಂದ ಒಂದನ್ನು ಭಾಗಿಸು. ಅಷ್ಟೇ. ಸೆಕೆಂಡಿಗೆ ಅಷ್ಟು ಸಲಕ್ಕಿಂತ ನಿಧಾನವಾದ ಏರಿಳಿತವನ್ನೆಲ್ಲ ಫಿಲ್ಟರ್ ಅದುಮಿಹಾಕುತ್ತದೆ. ಆಸ್ಪತ್ರೆಯಲ್ಲಿ ಅಕ್ಕ ನಡೆಸುವ ಯಂತ್ರದಲ್ಲಿದ್ದ ರೆಸಿಸ್ಟರ್ ಮೂರು ಪಾಯಿಂಟ್ ಮೂರು ಮೆಗ್. ಅದರ ಬಣ್ಣದ ಪಟ್ಟಿಗಳು ಕಣ್ಣಿಗೆ ಕಟ್ಟಿದಂತಿದ್ದವು. ಅದರ ಪಕ್ಕ ಮೊದಲಿದ್ದ ಕೆಪಾಸಿಟರ್ ಒಂದು ಮೈಕ್ರೋ. ಲೆಕ್ಕ ಬಂತು: ಪಾಯಿಂಟ್ ಸೊನ್ನೆ ನಾಲ್ಕು ಎಂಟು. ಅದನ್ನು ಕಿತ್ತು ಅವನು ಹಾಕಿದ್ದು ಪಾಯಿಂಟ್ ಒಂದು. ಲೆಕ್ಕ ಬಂತು: ಪಾಯಿಂಟ್ ನಾಲ್ಕು ಎಂಟು. ಹತ್ತರಷ್ಟು. ಕ್ಯಾಲ್ಕುಲೇಟರಿನ ಮೇಲೆ ಎರಡನೇ ಸಲ ಒತ್ತಿದ, ಮೂರನೇ ಸಲ ಒತ್ತಿದ. ಅದು ಯಾರ ಮುಲಾಜಿಗೂ ಬೀಳದೆ ಅದನ್ನೇ ತೋರಿಸಿತು. ಮೇಷ್ಟ್ರು ಬಗ್ಗಿ ನೋಡಿ, "ಇವು ಬೋರ್ಡ್ ಮೇಲಿನ ಬೆಲೆಗಳಲ್ಲವಲ್ಲ, ಎಲ್ಲಿಂದ ತಂದ್ರಿ?" ಎಂದರು. "ಸುಮ್ಮನೆ ಸಾರ್." "ಇಷ್ಟು ಕೆಳಗೆ ಎಲ್ಲಿ ಬಳಸ್ತಾರೆ ಗೊತ್ತಾ? ಇಸಿಜಿಯಲ್ಲಿ. ಅಲ್ಲಿ ಪಾಯಿಂಟ್ ಸೊನ್ನೆ ಐದು ಇರಲೇಬೇಕು. ಪಾಯಿಂಟ್ ಐದು ಮಾಡಿಬಿಟ್ರೆ ಗೆರೆ ಚೆನ್ನಾಗಿ ನೆಟ್ಟಗೆ ಕೂರುತ್ತೆ, ರೋಗಿ ಉಸಿರಾಡಿದ್ದೂ ಅಷ್ಟಾಗಿ ಕಾಣಲ್ಲ. ಆದ್ರೆ ಹೃದಯದ ಬಡಿತದಲ್ಲೂ ಒಂದು ನಿಧಾನದ ಭಾಗ ಇರುತ್ತಲ್ಲ, ದೊಡ್ಡ ಮೊನೆ ಆದ ಮೇಲೆ ಬರೋದು, ಅದೂ ತಿದ್ದಿಹೋಗುತ್ತೆ. ಮೇಲೆದ್ದು ನಿಂತಿರಬೇಕಾದ್ದು ಕೆಳಗೆ ಕೂತ ಹಾಗೆ ಕಾಣಬಹುದು. ಡಾಕ್ಟ್ರು ನೋಡೋದು ಅದನ್ನೇ." ಅವನು ಕೇಳಿದ, "ಎಷ್ಟು ಸಾರ್? ಎಷ್ಟು ತಿದ್ದಿಹೋಗುತ್ತೆ?" ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿ ಬಂದಿರಬೇಕು, ಮುಂದಿನ ಬೆಂಚಿನವರು ತಿರುಗಿದರು. ಮೇಷ್ಟ್ರು ನಕ್ಕರು. "ಅದು ಕಾಯಿಲೆ ಮೇಲೆ, ಮನುಷ್ಯನ ಮೇಲೆ ಹೋಗುತ್ತೆ. ನಾನು ಡಾಕ್ಟರಲ್ಲ." ತರಗತಿಯೂ ನಕ್ಕಿತು. ಅವನೂ ನಕ್ಕ. ನಗು ಮುಗಿಯುವ ಮೊದಲೇ ನೋಟ್‌ಪುಸ್ತಕ ಮುಚ್ಚಿದ.

ಹನ್ನೊಂದು ತಿಂಗಳ ಹಿಂದೆ ಅಕ್ಕ ಅವನ ಅಂಗಡಿಗೆ ಬಂದು, ಗಿರಾಕಿಗಳಿಗಾಗಿ ಇಟ್ಟಿದ್ದ ಸ್ಟೂಲಿನ ಮೇಲೆ ಕೂತು ಅತ್ತಿದ್ದಳು. ಹತ್ತೊಂಬತ್ತು ವರ್ಷದಿಂದ ಆ ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಿದ್ದವಳು. ಗೆರೆ ಕಾಗದದ ಮೇಲೆ ನಿಲ್ಲುತ್ತಿಲ್ಲ, ರೋಗಿ ಉಸಿರೆಳೆದರೆ ಮೇಲಕ್ಕೆ, ಬಿಟ್ಟರೆ ಕೆಳಕ್ಕೆ, ಡಾಕ್ಟರು ಎಲ್ಲರೆದುರಿಗೇ, "ಏನಮ್ಮ ಇದು, ಇಸಿಜಿನೋ ಬೆಟ್ಟ ಹತ್ತೋ ದಾರಿನೋ? ಬಟ್ಟಲು ಅಂಟಿಸೋಕೂ ಬರದಿದ್ರೆ ಮನೇಲಿರು" ಎನ್ನುತ್ತಾರೆ. ಅಕ್ಕ ಅತ್ತದ್ದನ್ನು ಅವನು ಅದಕ್ಕೆ ಮುಂಚೆ ನೋಡಿದ್ದು ಒಂದೇ ಸಲ, ಅಪ್ಪ ಅವನನ್ನು ಬೆಲ್ಟಿನಿಂದ ಹೊಡೆದ ದಿನ. ಅವತ್ತು ಅವಳು ಅಡ್ಡ ಬಂದು ತಾನೂ ಎರಡೇಟು ತಿಂದಿದ್ದಳು. ಆ ಋಣವೆಲ್ಲ ತೀರಿಸಿಬಿಡುತ್ತೇನೆ ಎಂಬ ಹುಮ್ಮಸ್ಸಿನಲ್ಲಿ ಅವನು ಅವತ್ತೇ ಹೋಗಿ ಯಂತ್ರ ಬಿಚ್ಚಿದ. ಕೆಪಾಸಿಟರ್ ಮೇಲೆ ಅನುಮಾನ ಬಂತು. ಯಾಕೆ ಬಂತು? ಹಳೆಯದಾಗಿ ಕಾಣುತ್ತಿತ್ತು, ಅಷ್ಟೇ. ಅಂಥದ್ದೇ ಒಂದು ಮೈಕ್ರೋ ಡಬ್ಬಿಯಲ್ಲಿರಲಿಲ್ಲ. ಪಾಯಿಂಟ್ ಒಂದು ಇತ್ತು. ಸದ್ಯಕ್ಕೆ ಇರಲಿ ಎಂದು ಬೆಸುಗೆ ಹಾಕಿದ. ಯಂತ್ರ ಹಾಕಿ ನೋಡಿದರೆ ಗೆರೆ ಪಳಗಿದ ಎತ್ತಿನ ಹಾಗೆ ಕಾಗದದ ನಡುವೆ ನಡೆಯಿತು. ಡಾಕ್ಟರೇ ಬಂದು ನೋಡಿದರು, "ಭೇಷ್, ನಿಮ್ಮ ತಮ್ಮನಾ?" ಎಂದು ಅಕ್ಕನ ಕಡೆ ತಿರುಗಿ ಕೇಳಿದರು, ಅವನ ಬೆನ್ನು ತಟ್ಟಿದರು. ಅವನ ಜೀವನದಲ್ಲಿ ಯಾರೂ ಬೆನ್ನು ತಟ್ಟಿರಲಿಲ್ಲ. ಸಂಜೆ ಅಕ್ಕ ಸಿಹಿ ಮಾಡಿದಳು, ಭಾವ ಅವನನ್ನು ಇಂಜಿನಿಯರ್ ಸಾಹೇಬ್ರು ಎಂದು ಕರೆಯಲು ಶುರು ಮಾಡಿದರು. ಕಿತ್ತ ಕೆಪಾಸಿಟರನ್ನು ಅಳೆದೂ ನೋಡದೆ ಗುಜರಿ ಡಬ್ಬಕ್ಕೆ ಎಸೆದಿದ್ದ. ಅದು ಕೆಟ್ಟೇ ಇರಲಿಲ್ಲವೇನೋ. ಬಟ್ಟಲುಗಳ ರಬ್ಬರು ಒಣಗಿತ್ತೇನೋ, ಹಚ್ಚುವ ಜೆಲ್ ಹಳೆಯದಾಗಿತ್ತೇನೋ. ಸದ್ಯಕ್ಕೆ ಎಂದದ್ದು ಹನ್ನೊಂದು ತಿಂಗಳಾಗಿತ್ತು.

ತರಗತಿ ಬಿಡುವ ಮೊದಲೇ ಎದ್ದು ಬಂದ. ಮನೆಯಲ್ಲಿ ಹೆಂಡತಿ ನಲ್ಲಿಯ ಕೆಳಗೆ ಬಕೆಟ್ ಇಟ್ಟುಕೊಂಡು ನೀರು ಬರುವುದನ್ನೇ ಕಾಯುತ್ತಿದ್ದಳು. "ಇಷ್ಟು ಬೇಗ? ಮೇಷ್ಟ್ರು ಹೊರಗೆ ಹಾಕಿದ್ರಾ?" ಎಂದು ತಮಾಷೆ ಮಾಡಿದಳು. ಅವನು ನೇರ ಅಕ್ಕನ ಕೋಣೆಗೆ ಹೋದ. ಭಾವ ತೀರಿಕೊಂಡ ಮೇಲೆ ಅಕ್ಕ ಇವರ ಜೊತೆಗೇ ಇದ್ದಳು. ಬೆಳಗ್ಗೆ ಎಂಟಕ್ಕೆ ಡ್ಯೂಟಿಗೆ ಹೊರಟುಬಿಡುತ್ತಿದ್ದಳು. ಕಪಾಟಿನಲ್ಲಿ, ಭಾವನ ಡ್ರೈವಿಂಗ್ ಲೈಸೆನ್ಸ್ ಇಟ್ಟಿದ್ದ ಪ್ಲಾಸ್ಟಿಕ್ ಕವರಿನಲ್ಲಿ ಭಾವನ ಇಸಿಜಿಯ ಪಟ್ಟಿ ಇದ್ದದ್ದು ಅವನಿಗೆ ಗೊತ್ತಿತ್ತು. ಅಕ್ಕ ಅದನ್ನು ಆಗಾಗ ತೆಗೆದು ನೋಡುವುದನ್ನು ಬಾಗಿಲ ಸಂದಿಯಿಂದ ಕಂಡಿದ್ದ. ಸಮಾಧಾನಕ್ಕೆ ನೋಡುತ್ತಾಳೆ ಎಂದುಕೊಂಡಿದ್ದ: ನೋಡು, ಪರೀಕ್ಷೆ ಮಾಡಿಸಿದ್ದೆವು, ಏನೂ ಇರಲಿಲ್ಲ, ಯಾರ ತಪ್ಪೂ ಇಲ್ಲ. ಆರು ಕಡೆ ಮಡಿಸಿದ ಪಟ್ಟಿಯನ್ನು ಹಾಸಿಗೆಯ ಮೇಲೆ ಹರವಿದ. ಎಡತುದಿಯಲ್ಲಿ, ಬಡಿತ ಶುರುವಾಗುವ ಮೊದಲು, ಡಬ್ಬಿಯಾಕಾರದ ಒಂದು ಗೆರೆಯಿತ್ತು. ಯಂತ್ರ ಸರಿಯಿದೆಯೇ ಎಂದು ನೋಡಲು ಪ್ರತಿಸಲ ಮೊದಲು ಒಂದು ಗುಂಡಿ ಒತ್ತಿ ಹಿಡಿಯುತ್ತಾರೆ. ಆಗ ಗೆರೆ ಎದ್ದು, ನೆಟ್ಟಗೆ ಓಡಿ, ಗುಂಡಿ ಬಿಟ್ಟಾಗ ಇಳಿದು ಒಂದು ಡಬ್ಬಿ ಬರೆಯುತ್ತದೆ. ಅದರ ನೆತ್ತಿ ಚಪ್ಪಟೆಯಾಗಿರಬೇಕು. ಭಾವನ ಡಬ್ಬಿಯ ನೆತ್ತಿ ಮನೆಯ ಮಾಡಿನ ಹಾಗೆ ಇಳಿದಿತ್ತು. ಏಳು ತಿಂಗಳು ಅದು ಈ ಮನೆಯಲ್ಲೇ ಇತ್ತು, ಅವನು ಮಲಗುವ ಕೋಣೆಯಿಂದ ಒಂದು ಗೋಡೆಯಾಚೆ. ಅವನು ಕಣ್ಣಾರೆ ನೋಡಿದ್ದ. ಏನನ್ನು ನೋಡುತ್ತಿದ್ದೇನೆಂದು ಗೊತ್ತಿರಲಿಲ್ಲ.

ಡಬ್ಬಿಯ ಮುಂದೆ ಭಾವನ ಎದೆ ಬಡಿಯುತ್ತಿತ್ತು. ಮೊನೆ, ಆಮೇಲೆ ಒಂದು ಸಣ್ಣ ತಗ್ಗು, ಆಮೇಲೆ ಗುಡ್ಡ. ಮೊನೆ, ತಗ್ಗು, ಗುಡ್ಡ. ಆ ತಗ್ಗು ನಿಜಕ್ಕೂ ಎಲ್ಲಿರಬೇಕಿತ್ತು? ಅವನು ಉಗುರಿನಿಂದ ಅದನ್ನು ಮೇಲಕ್ಕೆ ಎಳೆದಂತೆ ಗೀರಿ ನೋಡಿದ. ಒಂದು ಕೂದಲೆಳೆ ಮೇಲಿದ್ದಿದ್ದರೆ ಡಾಕ್ಟರು ಹೌಹಾರಿ ಅಲ್ಲೇ ಮಲಗಿಸಿಕೊಳ್ಳುತ್ತಿದ್ದರೇ? ಅಥವಾ ಏನೂ ವ್ಯತ್ಯಾಸವೇ ಇರಲಿಲ್ಲವೇ, ಭಾವನ ಹೃದಯ ಅವತ್ತು ನಿಜಕ್ಕೂ ಚೆನ್ನಾಗಿಯೇ ಇತ್ತೇ? ಫಿಲ್ಟರ್ ತಿಂದುಹಾಕಿದ್ದನ್ನು ಕಾಗದದಿಂದ ವಾಪಸು ಕಕ್ಕಿಸಲು ಬರುವುದಿಲ್ಲ. ಯಾರನ್ನು ಕೇಳಿದರೂ ಇರಬಹುದು, ಇಲ್ಲದೆಯೂ ಇರಬಹುದು ಎನ್ನುತ್ತಾರೆ, ಸಾಯುವವರೆಗೂ ಅವನು ಈ ಎರಡರ ನಡುವೆ ಬೇಯಬೇಕು. ಡಾಕ್ಟರು ಅವತ್ತು ಪಟ್ಟಿಯನ್ನು ಬೆಳಕಿಗೆ ಹಿಡಿದು, "ಹೃದಯಕ್ಕೇನೂ ಆಗಿಲ್ಲ, ಹೊಟ್ಟೆ ಉರಿ, ಮಾತ್ರೆ ಬರ್ಕೊಡ್ತೀನಿ" ಎಂದಾಗ ಅವನೂ ಅಲ್ಲೇ ನಿಂತಿದ್ದ. ಆ ಕ್ಷಣ ಅವನಿಗೆ ಸಂತೋಷವಾಗಿತ್ತು, ಮತ್ತು ಈಗ, ಹಾಸಿಗೆಯ ಮುಂದೆ ಮಂಡಿಯೂರಿ ಕೂತಾಗ, ಅದು ಯಾತರ ಸಂತೋಷವಾಗಿತ್ತು ಎಂಬುದು ನೆನಪಾಯಿತು. ಭಾವನಿಗೆ ಏನೂ ಆಗಿಲ್ಲವೆಂದಲ್ಲ. ಗೆರೆ ಎಷ್ಟು ನೆಟ್ಟಗಿದೆ ನೋಡಿ ಎಂದು. ಡಾಕ್ಟರು ಇನ್ನೊಮ್ಮೆ ಬೆನ್ನು ತಟ್ಟಬಹುದು ಎಂದು ಅವನು ಅರ್ಧ ಹೆಜ್ಜೆ ಮುಂದೆ ಬಂದಿದ್ದ. ಮೂರನೇ ದಿನ ಬೆಳಗ್ಗೆ ಭಾವ ಶಾಲೆಯ ವ್ಯಾನು ತೆಗೆಯಲು ಹೊರಟವರು, ಮೆಟ್ಟಿಲ ಮೇಲೆ ಕೂತು ಶೂಗಳ ದಾರ ಕಟ್ಟುತ್ತ ಹಾಗೇ ಮುಂದಕ್ಕೆ ಬಾಗಿ, ಮತ್ತೆ ಮೇಲೇಳಲಿಲ್ಲ. ವ್ಯಾನಿಗೆ ಕಾದಿದ್ದ ಮಕ್ಕಳ ಮನೆಗಳಿಂದ ಫೋನು ಬರುತ್ತಲೇ ಇತ್ತು.

"ಅದನ್ನ ಯಾಕೆ ಹೊರಗೆ ತೆಗೆದ್ರಿ? ಅತ್ತಿಗೆ ನೋಡಿದ್ರೆ ಬೇಜಾರು ಮಾಡ್ಕೋತಾರೆ, ಒಳಗಿಡಿ," ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಸೆರಗಿಗೆ ಕೈ ಒರೆಸಿಕೊಳ್ಳುತ್ತ. ಅವಳಿಗೆ ಹೇಳಿಬಿಡಬೇಕು ಎನಿಸಿತು. ಭಾವನನ್ನು ನಾನು ಕೊಂದಿರಬಹುದು, ಕೊಲ್ಲದೆಯೂ ಇರಬಹುದು. ಇಂಥ ಮಾತನ್ನು ಯಾರಾದರೂ ಯಾರಿಗಾದರೂ ಹೇಳಲು ಆಗುತ್ತದೆಯೇ? "ನೀರು ಬಂತಾ?" ಎಂದು ಕೇಳಿದ. "ಬಂತು, ಸಣ್ಣಗೆ," ಎಂದಳು. ಅವನು ಪಟ್ಟಿಯನ್ನು ಮೊದಲಿನ ಹಾಗೆಯೇ ಆರು ಮಡಿಕೆ ಮಡಿಸಿದ, ಕವರಿನಲ್ಲಿ ಇಟ್ಟ, ತಿಂಡಿ ತಿನ್ನದೆ ಹೊರಟ.

ಬಿಡಿಭಾಗಗಳ ಅಂಗಡಿಯಲ್ಲಿ ಒಂದು ಮೈಕ್ರೋ ಇತ್ತು. ಕೇಳಿದ ಕೂಡಲೇ ಕೊಟ್ಟರು. ಅಂದರೆ ಹನ್ನೊಂದು ತಿಂಗಳಿಂದಲೂ ಇಲ್ಲಿ, ಈ ಡ್ರಾಯರಿನಲ್ಲಿ, ನಡೆದರೆ ಹತ್ತು ನಿಮಿಷದ ದೂರದಲ್ಲಿ ಇತ್ತು. "ಒಂದೇ ಸಾಕಾ?" ಎಂದ ಅಂಗಡಿಯವನು. ಸಾಕು. ಅಂಗಿಯ ಜೇಬಿನಲ್ಲಿ ಅದನ್ನಿಟ್ಟುಕೊಂಡು ಆಸ್ಪತ್ರೆಯ ಕಡೆ ನಡೆಯುವಾಗ ಉಪಾಯ ತಾನಾಗಿಯೇ ಹೊಳೆಯಿತು. ಅದು ಉಪಾಯವಲ್ಲ, ಹೇಡಿತನ ಎಂಬುದು ಅವನಿಗೇ ಗೊತ್ತಿತ್ತು. ಗೊತ್ತಿದ್ದೂ ಅದು ಎಷ್ಟು ತಂಪಾಗಿತ್ತು! ಧೂಳು ಹೊಡೆಯಬೇಕು ಅಕ್ಕ, ಹತ್ತು ನಿಮಿಷ ಎಂದು ಯಂತ್ರ ಬಿಚ್ಚುವುದು, ಇದನ್ನು ತೆಗೆದು ಅದನ್ನು ಹಾಕುವುದು, ಮುಚ್ಚಳ ಮುಚ್ಚುವುದು. ಇಂದಿನಿಂದ ಡಬ್ಬಿ ಚಪ್ಪಟೆ. ಯಾರಿಗೂ ಗೊತ್ತಾಗುವುದಿಲ್ಲ. ಅಕ್ಕನಿಗೆ ಇರುವ ಒಂದು ಸಮಾಧಾನವನ್ನು ಕಿತ್ತುಕೊಂಡು ನಾನು ಹಗುರಾಗುವುದು ಎಲ್ಲಿಯ ನ್ಯಾಯ ಎಂದು ತನಗೇ ವಕಾಲತ್ತು ಮಾಡಿಕೊಂಡ. ಆದರೆ ರಸ್ತೆ ಅವನನ್ನು ಬಿಡಲಿಲ್ಲ. ಹಣ್ಣಿನ ಅಂಗಡಿಯವನು ಎರಡು ಬುಟ್ಟಿ ಒಟ್ಟಿಗೆ ಎತ್ತುತ್ತಿದ್ದ. ಹೋದ ತಿಂಗಳು ಇದೇ ಮನುಷ್ಯ ಆಸ್ಪತ್ರೆಯಲ್ಲಿ ಅಕ್ಕನ ಕೋಣೆಯಿಂದ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದು, "ಏನೂ ಇಲ್ಲವಂತೆ, ಗಟ್ಟಿಮುಟ್ಟಾಗಿದೀನಿ" ಎಂದು ಹಲ್ಲು ಬಿಟ್ಟಿದ್ದ. ಬುಟ್ಟಿ ಇಳಿಸಿ ಎಂದು ಹೇಳಬೇಕು. ಯಾಕೆ ಎಂದರೆ? ಬಸ್ಸಿನ ಹಿಂದೆ ಒಬ್ಬ ದಪ್ಪನೆಯ ಗುಮಾಸ್ತ ಓಡುತ್ತಿದ್ದ. ಓಡಬೇಡಿ, ಓಡಬೇಡಿ ಎಂದು ಅವನ ತುಟಿ ಅಲುಗಿತು. ದಿನಕ್ಕೆ ಹತ್ತು ಜನ ಎಂದರೂ ಎಷ್ಟಾಯಿತು ಎಂದು ಗುಣಿಸಲು ಹೊರಟ ಮನಸ್ಸನ್ನು ಬಾಯಿಗೆ ಬಂದಂತೆ ಬೈದು ಸುಮ್ಮನಾಗಿಸಿದ. ಕೆಪಾಸಿಟರ್ ಬದಲಿಸಿದರೆ ನಾಳೆ ಬರುವವರಿಗೆ ಸರಿಹೋಗುತ್ತದೆ. ಈಗಾಗಲೇ ಏನೂ ಇಲ್ಲ ಎನ್ನಿಸಿಕೊಂಡು ನೆಮ್ಮದಿಯಾಗಿ ಬುಟ್ಟಿ ಹೊರುತ್ತಿರುವವರನ್ನು ಯಾವ ಬೆಸುಗೆಯಿಂದ ಹಿಂದಕ್ಕೆ ಕರೆಯುವುದು?

ಇಸಿಜಿ ಕೋಣೆಯ ಹೊರಗಿನ ಬೆಂಚಿನಲ್ಲಿ ಏಳೆಂಟು ಜನರಿದ್ದರು. ಒಳಗೆ ಅಕ್ಕ ಒಬ್ಬ ಮುದುಕನ ಎದೆಗೆ ಬಟ್ಟಲುಗಳನ್ನು ಒತ್ತುತ್ತಿದ್ದಳು. "ಬಂದ್ಯಾ ಪುಟ್ಟ? ಕ್ಲಾಸಿಗೆ ಹೋಗ್ಲಿಲ್ವಾ?" ನಲವತ್ತಾರರ ತಮ್ಮ ಆಸ್ಪತ್ರೆಯಲ್ಲೂ ಅವಳಿಗೆ ಪುಟ್ಟನೇ. "ಹೋಗಿದ್ದೆ. ಯಂತ್ರಕ್ಕೆ ಸ್ವಲ್ಪ ಧೂಳು ಹೊಡೆಯೋಣ ಅಂತ." "ಇವರದೊಂದು ಮುಗೀಲಿ, ಇರು." ಅವಳ ಬೆರಳು ಗುಂಡಿಯ ಮೇಲೆ ಹೋಯಿತು. ಮುಟ್ಟಿದ್ದೂ ಗೊತ್ತಾಗಲಿಲ್ಲ, ಬಿಟ್ಟದ್ದೂ ಗೊತ್ತಾಗಲಿಲ್ಲ. ಬಿಸಿ ಹೆಂಚಿಗೆ ಕೈ ತಾಗಿದವರ ಹಾಗೆ. ಕಾಗದದ ಮೇಲೆ ಡಬ್ಬಿಯ ಬದಲು ಒಂದು ಸೂಜಿಯಂಥ ಗೀಟು ಬಂತು. ನೆತ್ತಿ ಎನ್ನುವುದು ಇದ್ದರೆ ತಾನೇ ಇಳಿಯಲು. ಅವನು ಗೋಡೆಗೆ ಒರಗಿ ನಿಂತ. ಅವಳ ಕೆಲಸವನ್ನು ಅವನು ವರ್ಷಗಳಿಂದ ನೋಡಿದ್ದ. ಅಂಗಡಿಯಲ್ಲಿ ಕೆಲಸವಿಲ್ಲದ ದಿನಗಳಲ್ಲಿ ಇದೇ ಕೋಣೆಯ ಫ್ಯಾನಿನ ಕೆಳಗೆ ಕೂತು ಹೊತ್ತು ಕಳೆಯುತ್ತಿದ್ದ. ಒಂದು, ಎರಡು ಎಂದು ಮನಸ್ಸಿನಲ್ಲೇ ಎಣಿಸುವವಳ ಹಾಗೆ ಗುಂಡಿಯನ್ನು ಒತ್ತಿ ಹಿಡಿದು ಅಗಲವಾದ ಡಬ್ಬಿ ಬರೆಸುತ್ತಿದ್ದವಳು ಅವಳು. ಡಬ್ಬಿ ಚೆನ್ನಾಗಿ ಬಂದರೆ ಅರ್ಧ ಕೆಲಸ ಮುಗಿದ ಹಾಗೆ ಎನ್ನುತ್ತಿದ್ದಳು. ಮುದುಕ ಎದ್ದು ಅಂಗಿ ಹಾಕಿಕೊಂಡು, ಪಟ್ಟಿ ಹಿಡಿದು ಹೋಗುವವರೆಗೆ ಅವನು ಕಾದ.

"ಅಕ್ಕ, ಗುಂಡಿ ಒಂದ್ಸಲ ಒತ್ತು. ಬಿಡಬೇಡ, ಹಿಡ್ಕೊಂಡಿರು."

"ಯಾಕೆ?"

"ಸುಮ್ಮನೆ. ಹಿಡ್ಕೊಂಡಿರು."

ಅವಳು ಒತ್ತಲಿಲ್ಲ. ಬಟ್ಟಲುಗಳನ್ನು ಒಂದೊಂದಾಗಿ ಒರೆಸಿ ತಟ್ಟೆಯಲ್ಲಿಟ್ಟಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಆ ಬೆನ್ನು ನೋಡುತ್ತ ಅವನಿಗೆ ಎಲ್ಲ ಅರ್ಥವಾಯಿತು, ಅರ್ಥವಾದದ್ದನ್ನು ಬೇಡ ಬೇಡ ಎಂದು ದೂಡಿದ. ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡು ದಾರಿಯುದ್ದಕ್ಕೂ ಬಂದಿದ್ದನಲ್ಲ!

"ನಿಂಗೆ ಗೊತ್ತಿತ್ತಾ?"

"ಬಾಗಿಲು ಸರಿಯಾಗಿ ಹಾಕು," ಎಂದಳು ಅಕ್ಕ. ಆಮೇಲೆ, ತಿರುಗದೆಯೇ, ತರಕಾರಿ ಬೆಲೆ ಹೇಳುವ ದನಿಯಲ್ಲಿ ಹೇಳಿದಳು: "ನೀನು ರಿಪೇರಿ ಮಾಡಿದ ಮಾರನೇ ದಿನವೇ ನೋಡ್ದೆ. ಅಷ್ಟು ವರ್ಷ ಚಪ್ಪಟೆ ಬರ್ತಿದ್ದ ಡಬ್ಬಿ, ಅವತ್ತು ಜಾರ್ತಿತ್ತು. ಮೊದಲನೇ ರೋಗೀದೂ ಜಾರ್ತು, ಎರಡನೇದೂ ಜಾರ್ತು. ಏನೋ ಸರಿಯಿಲ್ಲ ಅನ್ನಿಸ್ತು. ಏನು ಅಂತ ಗೊತ್ತಾಗ್ಲಿಲ್ಲ, ನಾನೇನು ಓದಿದೀನಾ? ಯಾರಿಗೆ ಹೇಳೋದು? ಡಾಕ್ಟ್ರಿಗೆ ಹೇಳಿದ್ರೆ ನಿನ್ನ ಕರೆಸಿ ಬೈತಾರೆ. ಅವರು ನಿನ್ನ ಬೆನ್ನು ತಟ್ಟಿ ಒಂದು ದಿನ ಕೂಡ ಆಗಿರ್ಲಿಲ್ಲ ಪುಟ್ಟ. ನಿನ್ನ ಮುಖ ಅವತ್ತು ಹೇಗಿತ್ತು ಗೊತ್ತಾ? ನಿಂಗೆ ಹೇಳೋಣ ಅಂದ್ರೆ, ಇವನಿಗೆ ಗೊತ್ತಿಲ್ಲದೆ ಮಾಡಿರ್ತಾನಾ, ಹೊಸ ಥರ ಹೀಗೇ ಬರುತ್ತೇನೋ ಅಂದ್ಕೊಂಡೆ. ಬೇಗ ಬಿಟ್ರೆ ಜಾರೋದು ಕಾಣಲ್ಲ ಅಂತ ಆಮೇಲೆ ಗೊತ್ತಾಯ್ತು. ಬೇಗ ಬಿಡೋದು ಅಭ್ಯಾಸ ಆಯ್ತು."

"ಭಾವನ ಪಟ್ಟೀಲಿ ಕಾಣುತ್ತಲ್ಲ."

"ಅವತ್ತು ಕೈ ನಡುಗ್ತಿತ್ತು. ಬೇಗ ಬಿಡೋಕೆ ಆಗ್ಲಿಲ್ಲ." ಈಗ ಅವಳು ತಿರುಗಿದಳು. ಕಣ್ಣು ಒಣಗಿತ್ತು. "ದಿನಾ ತೆಗೆದು ನೋಡ್ತೀನಿ. ನೀನೂ ನೋಡಿದೀಯ ನಾನು ನೋಡೋದನ್ನ. ಒಂದು ದಿನ ನೀನಾಗೇ ಕೇಳ್ತೀಯ, ಆವಾಗ ಹೇಳೋಣ ಅಂದ್ಕೊಂಡೆ. ಕೇಳದೆ ಇದ್ರೆ ಒಳ್ಳೇದು ಅಂತಾನೂ ಅಂದ್ಕೊಂಡೆ. ಅದು ಏನು ಮಾಡುತ್ತೆ ಪುಟ್ಟ? ಆ ಜಾರೋದು?"

ಅವನು ಹೇಳಿದ. ಮೇಷ್ಟ್ರು ಹೇಳಿದ್ದನ್ನೇ, ಅಷ್ಟೇ ಮಾತಿನಲ್ಲಿ, ಮೇಲೆದ್ದು ನಿಂತಿರಬೇಕಾದ್ದು ಕೆಳಗೆ ಕೂತ ಹಾಗೆ ಕಾಣಬಹುದು ಎಂದು. ಕಾಣಬಹುದು ಎನ್ನುವುದನ್ನು ಎರಡು ಸಲ ಹೇಳಿದ. ಅಕ್ಕ ಆ ಮಾತನ್ನು ಹಿಡಿದುಕೊಳ್ಳಲಿ ಎಂದು ಆಸೆಪಟ್ಟ. ಅವಳು ಅದನ್ನು ಹಿಡಿದುಕೊಳ್ಳಲಿಲ್ಲ. ಮಂಚದ ಅಂಚಿಗೆ ಕೈಯೂರಿ, ಹಾಸಿದ್ದ ಬಟ್ಟೆಯ ಸುಕ್ಕನ್ನು ಅಂಗೈಯಿಂದ ಸವರಿ ಸರಿಮಾಡಿದಳು, ಭಾವ ಮಲಗಿದ್ದ ಜಾಗವನ್ನು. ಅಪ್ಪನ ಬೆಲ್ಟಿಗೆ ಅಡ್ಡ ಬಂದವಳು. ಈ ಸಲವೂ ಅಡ್ಡ ಬಂದಿದ್ದಳು, ಅವನಿಗೆ ಬೀಳಬೇಕಾದ ಏಟಿಗೆ. ಆ ಏಟು ಯಾರ ಯಾರ ಮೇಲೆ ಹೋಗಿ ಬಿತ್ತು ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಅವನಿಗೆ ಅವಳ ಕಾಲು ಹಿಡಿಯಬೇಕೆನಿಸಿತು, ಅದೇ ಹೊತ್ತಿಗೆ ಅವಳ ಕೆನ್ನೆಗೆ ಹೊಡೆಯಬೇಕು ಎಂದೂ ಎನಿಸಿತು. ಯಾಕೆ ಹೇಳಲಿಲ್ಲ, ಯಾಕೆ ನನ್ನ ಮುಖ ನೋಡಿ ಸುಮ್ಮನಾದೆ! ಎರಡನ್ನೂ ಮಾಡದೆ ಜೇಬಿನಲ್ಲಿದ್ದ ಕೆಪಾಸಿಟರನ್ನು ಅಂಗೈಯಲ್ಲಿ ಒತ್ತಿಕೊಂಡು ನಿಂತ. ಅದರ ಕಡ್ಡಿಗಳು ಚುಚ್ಚಿದವು.

ಬಾಗಿಲು ತಳ್ಳಿಕೊಂಡು ಡಾಕ್ಟರು ಒಳಗೆ ಬಂದರು. "ಏನಮ್ಮ, ಮುಂದಿನವರನ್ನ ಯಾಕೆ ಕಳಿಸ್ತಿಲ್ಲ? ಅಕ್ಕ ತಮ್ಮನ ಕಷ್ಟಸುಖ ಮನೇಲಿ ಮಾತಾಡ್ಕೊಳ್ಳಿ." ಅವನು ಬಾಯಿ ತೆರೆದ. ಧೂಳು ಹೊಡೆಯುವುದು ಎಂಬ ಮಾತು ನಾಲಗೆಯ ತುದಿಯಲ್ಲೇ ಇತ್ತು, ಅದನ್ನು ಹೇಳಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. "ಸಾರ್, ಮಿಷನ್ ತಪ್ಪು ತೋರಿಸ್ತಿದೆ," ಎಂದ. "ಹನ್ನೊಂದು ತಿಂಗಳಿಂದ. ನಾನು ಹಾಕಿದ ಕೆಪಾಸಿಟರ್ ತಪ್ಪು. ಮೊನೆ ಆದ ಮೇಲಿನ ಭಾಗ ಕೆಳಗೆ ಎಳೆದ ಹಾಗೆ ಬರುತ್ತೆ."

"ಗೆರೆ ಇಷ್ಟು ನೀಟಾಗಿ ಬರ್ತಿದೆ, ಏನು ತಪ್ಪು?"

"ನೀಟಾಗಿ ಬರ್ತಿರೋದೇ ತಪ್ಪು ಸಾರ್."

ಡಾಕ್ಟರು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ಯಾರು ಹೇಳಿದ್ದು? ಆ ಬೆಳಗ್ಗೆ ಕ್ಲಾಸಲ್ಲಾ? ನಾಲ್ಕು ಪಾಠ ಓದಿದ ಕೂಡಲೇ ನನಗೆ ಇಸಿಜಿ ಓದೋದು ಕಲಿಸೋಕೆ ಬಂದ್ರಾ? ನೀವು ಮೆಕ್ಯಾನಿಕ್ಕಾ, ಡಾಕ್ಟರಾ?" ಅವನ ಕಿವಿ ಬಿಸಿಯಾಯಿತು. ಸೂತ್ರ ಹೇಳಬೇಕೆಂದುಕೊಂಡ, ಎರಡು ಪೈ ಎಂಬಲ್ಲಿಗೆ ನಾಲಗೆ ತೊದಲಿತು, ಮೆಗ್ ಮತ್ತು ಮೈಕ್ರೋ ಒಂದರೊಳಗೊಂದು ಸಿಕ್ಕಿಹಾಕಿಕೊಂಡವು. ಇಡೀ ತರಗತಿ ಎದ್ದು ನಿಂತು ನಗುತ್ತಿರುವಂತಿತ್ತು. "ಹೋಗಿ, ಕೆಲಸ ನೋಡಿ," ಎಂದು ಡಾಕ್ಟರು ಬಾಗಿಲಿನ ಕಡೆ ತಿರುಗಿದರು.

ಆಗ ಯಂತ್ರದ ಕಾಗದ ಓಡುವ ಸದ್ದು ಬಂತು. ಅಕ್ಕ ಗುಂಡಿಯ ಮೇಲೆ ಬೆರಳಿಟ್ಟಿದ್ದಳು. ಬಿಡಲಿಲ್ಲ. ಗೆರೆ ಎದ್ದಿತು, ಎದ್ದದ್ದು ನಿಲ್ಲಲಾರದೆ ಜಾರಿತು, ಜಾರುತ್ತ ಜಾರುತ್ತ ಹೊರಟ ಜಾಗಕ್ಕೇ ಬಂದು ಮಲಗಿತು, ಅವಳ ಬೆರಳು ಇನ್ನೂ ಒತ್ತಿಯೇ ಇತ್ತು. ಒತ್ತಿದ ಉಗುರು ಬೆಳ್ಳಗಾಗಿತ್ತು. ಪಟ್ಟಿಯನ್ನು ಹರಿದು ಡಾಕ್ಟರ ಮುಂದೆ ಹಿಡಿದಳು. "ಇದು ಹೀಗೆ ಬರಬಾರದು ಅಂತ ನಿಮಗೆ ಗೊತ್ತಲ್ಲ ಸಾರ್. ಎಲ್ಲರದ್ದೂ ಹೀಗೇ ಬಂದಿದೆ. ಕಾಣದ ಹಾಗೆ ನಾನೇ ಬೇಗ ಬಿಡ್ತಿದ್ದೆ." ಅವಳು ಹತ್ತೊಂಬತ್ತು ವರ್ಷದಲ್ಲಿ ಆ ಮನುಷ್ಯನ ಮುಖ ನೋಡಿ ಇಷ್ಟು ಮಾತಾಡಿದ್ದನ್ನು ಅವನು ಕಂಡಿರಲಿಲ್ಲ. ಡಾಕ್ಟರು ಪಟ್ಟಿಯನ್ನು ನೋಡಿದರು. ಅವರಿಗೆ ಸೂತ್ರ ಬೇಕಾಗಲಿಲ್ಲ. ಕನ್ನಡಕ ತೆಗೆದರು, ಹಾಕಿದರು, ಮುಖದ ಬಣ್ಣ ಇಳಿಯಿತು. ಅವರೂ ಒಳಗೊಳಗೇ ಯಾರ ಯಾರ ಎದೆಯನ್ನೋ ನೆನೆಸಿಕೊಳ್ಳುತ್ತಿದ್ದರು. ಬೈಯುತ್ತಾರೆ ಎಂದು ಅವನು ಕಾದ. ಬೈದಿದ್ದರೆ ಚೆನ್ನಾಗಿತ್ತು. ಡಾಕ್ಟರು ಪಟ್ಟಿಯನ್ನು ಸಣ್ಣಗೆ ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡು, ತೀರಾ ಮೆಲ್ಲಗೆ, ಮೊದಲ ಸಲ ಮೃದುವಾಗಿ, "ಬಾಗಿಲು ಹಾಕಮ್ಮ. ಮೂರೂ ಜನ ಕೂತು ಮಾತಾಡೋಣ. ಇದು ಹೊರಗೆ ಹೋಗೋದು ಬೇಡ," ಎಂದರು.

ಅಕ್ಕ ಬಾಗಿಲ ಹತ್ತಿರ ಹೋದಳು. ಹಾಕುತ್ತಾಳೆ ಎಂದು ಅವನು ಅಂದುಕೊಂಡ. ಹಾಕಲಿ ಎಂದು, ಎಂಥ ನಾಚಿಕೆಗೇಡು, ಒಂದು ಕ್ಷಣ ಮನಸಾರೆ ಬಯಸಿದ. ಅವಳು ಬಾಗಿಲನ್ನು ಪೂರ್ತಿ ತೆರೆದು ಹೊರಗೆ ಹೋಗಿ ಬೆಂಚಿನ ಮುಂದೆ ನಿಂತಳು. ಇವತ್ತು ಪರೀಕ್ಷೆ ಇಲ್ಲ, ಬೇರೆ ಆಸ್ಪತ್ರೆಗೆ ಹೋಗಿ, ಈ ವರ್ಷ ಇಲ್ಲಿ ತೆಗೆಸಿದವರು ಯಾರಿದ್ದರೂ ಇನ್ನೊಂದು ಸಲ ತೆಗೆಸಬೇಕು, ನಿಮಗೆ ಗೊತ್ತಿರೋರಿಗೂ ಹೇಳಿ, ಇವತ್ತೇ ಹೇಳಿ ಎಂದು ಅವಳು ಹೇಳುವುದು ಕೇಳಿಸಿತು. ಜನ ಗೊಂದಲದಿಂದ ಎದ್ದರು, ಒಬ್ಬರ ಮೇಲೊಬ್ಬರು ಕೇಳತೊಡಗಿದರು. ಅವನು ಕಾಲೆಳೆದುಕೊಂಡು ಹೋಗಿ ಅವಳ ಪಕ್ಕ ನಿಂತ. ಕೈಚೀಲ ಎದೆಗವಚಿಕೊಂಡಿದ್ದ ಒಬ್ಬ ಹೆಂಗಸು, ಗಂಡನ ತೋಳು ಹಿಡಿದುಕೊಂಡೇ ಮುಂದೆ ಬಂದಳು.

"ಇವರದು ಹೋದ ತಿಂಗಳು ನೀವೇ ತೆಗೆದದ್ದು, ಏನೂ ಇಲ್ಲ, ಗೆರೆ ಚೆನ್ನಾಗಿದೆ ಅಂದಿದ್ರಲ್ಲಮ್ಮ?"

"ಹೌದು," ಎಂದಳು ಅಕ್ಕ. "ನಮ್ಮನೆಯವರಿಗೂ ಹಾಗೇ ಅಂದಿದ್ದೆ."